ಪಡಸಾಲೆಯ ಹಾಡಿನ ಪೆಟ್ಟಿಗೆ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿರುವ ನಮ್ಮ ಹಳೆಯ ಮನೆಯ ಪಡಸಾಲೆಗೆ ಬಂದವರು ಮೊದಲು ನೋಡುವುದು ಗೋಡೆಗೆ ಆನಿಸಿಟ್ಟ ಹಾಡಿನ ಪೆಟ್ಟಿಗೆಯನ್ನು. ಒಂದು ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್, ಒಂದು ಕ್ಯಾಸೆಟ್ ಡೆಕ್, ಎರಡು ದೊಡ್ಡ ಸ್ಪೀಕರುಗಳು. 1987ರಲ್ಲಿ ನಮ್ಮ ತಂದೆಯವರು ಸಂಬಳದಲ್ಲಿ ಉಳಿಸಿದ ಹಣದಿಂದ ಕೊಂಡು ತಂದದ್ದು. ಬೆಳಗಿನ ಲಿಂಗಪೂಜೆ ಮುಗಿಸಿ ಪಡಸಾಲೆಗೆ ಬಂದೊಡನೆ ಅವರು ಮಲ್ಲಿಕಾರ್ಜುನ ಮನಸೂರರದೋ ಬಸವರಾಜ ರಾಜಗುರುಗಳದೋ ವಚನಗಾಯನವನ್ನು ಹಚ್ಚುತ್ತಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೂ ಅದು ಕೇಳಬೇಕೆಂಬುದು ಅವರ ಕಟ್ಟಳೆ.

ಈ ಮಹನೀಯರು ನಮ್ಮ ನೆಲದವರೇ. ಮನಸೂರರು 1910ರಲ್ಲಿ ಧಾರವಾಡದ ಸಮೀಪದ ಮನಸೂರಿನಲ್ಲಿ ಜನಿಸಿ 1992ರಲ್ಲಿ ಲಿಂಗೈಕ್ಯರಾದರು. ರಾಜಗುರುಗಳು 1917ರಿಂದ 1991ರವರೆಗೆ ಬಾಳಿದವರು, ಪಂಚಾಕ್ಷರಿ ಗವಾಯಿಗಳ ಶಿಷ್ಯರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಮೂಲಕ ಇಂಥವರ ಕಂಠ ಮನೆಮನೆಯನ್ನು ಹೊಕ್ಕಿತು. ವಚನಕ್ಕೆ ರಾಗದಷ್ಟೇ ಮಾತೂ ಮುಖ್ಯವೆಂಬುದನ್ನು ನಾವು ಕಲಿತದ್ದು ಅವರನ್ನು ಕೇಳಿಯೇ.

1998ರಲ್ಲಿ ತಂದೆಯವರು ಲಿಂಗೈಕ್ಯರಾದ ಮೇಲೆಯೂ ಅವ್ವ ಆ ಪದ್ಧತಿಯನ್ನು ಬಿಡಲಿಲ್ಲ. ಆದರೆ ವಯಸ್ಸು ಎಂಬತ್ತಾರಾದಾಗ ಕೈ ನಡುಗಿ ರೆಕಾರ್ಡಿನ ಮೇಲೆ ಸೂಜಿ ಇಡುವುದು ಆಗದಾಯಿತು, ಕಿವಿಯೂ ಮಂದವಾಯಿತು. ನನ್ನ ಮಗ ಮೊಬೈಲಿನಲ್ಲಿ ಅದೇ ಹಾಡುಗಳನ್ನು ಹಚ್ಚಿಕೊಟ್ಟ. ಅವ್ವ ಸ್ವಲ್ಪ ಹೊತ್ತು ಕೇಳಿ, "ಹಾಡು ಕೇಳತೈತಿ, ಮಾತು ತಿಳಿಯಂಗಿಲ್ಲೋ ತಮ್ಮಾ" ಎಂದು ಪಕ್ಕಕ್ಕಿಟ್ಟಳು. ಕೆಲವು ದಿನಗಳಲ್ಲಿ ನಮ್ಮ ಮನೆಯ ಬೆಳಗು ಮೌನವಾಗಿಬಿಟ್ಟಿತು.

ಅಷ್ಟರಲ್ಲಿ ಮನೆಗೆ ಸುಣ್ಣ ಬಳಿಯುವ ಸಂದರ್ಭ ಬಂದಿತು. "ಅಪ್ಪಾಜಿ, ಈಗ ಎಲ್ಲಾ ಫೋನಿನ್ಯಾಗ ಸಿಗತೈತಿ. ಇದನ್ನ ಗುಜರಿಗೆ ಹಾಕಿ ಹೊಸಾ ಸ್ಪೀಕರ್ ತರೋಣ್ರಿ" ಎಂದ ಮಗ. ಕ್ಯಾಸೆಟ್ಟುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಯೂ ಆಗಿತ್ತು. ನಾನು ಒಂದು ವಾರದ ಗಡುವು ಕೇಳಿಕೊಂಡು, ಕೊಪ್ಪೀಕರ ರಸ್ತೆಯ ಅಂಗಡಿಯೊಂದಕ್ಕೆ ಹೋಗಿ ವಿಚಾರಿಸಿದೆ.

ಅಲ್ಲಿ ತಿಳಿದ ಸಂಗತಿ ಬಹಳ ಸರಳ. ಆಂಪ್ಲಿಫೈಯರಿನ ಕೆಲಸ ತನಗೆ ಬಂದ ಸಣ್ಣ ಸಂಕೇತವನ್ನು ದೊಡ್ಡದು ಮಾಡುವುದಷ್ಟೆ. ಅದು ಸೂಜಿಯಿಂದ ಬಂತೋ, ಟೇಪಿನಿಂದ ಬಂತೋ, ಇಂಟರ್‌ನೆಟ್ಟಿನಿಂದ ಬಂತೋ ಎಂದು ಅದು ಕೇಳುವುದಿಲ್ಲ. ಬೆನ್ನಿನ ಕಡೆ ಕೆಂಪು-ಬಿಳಿ ಬಣ್ಣದ ಜೋಡಿ ತೂತುಗಳಿರುತ್ತವೆ. ಅವುಗಳಲ್ಲಿ ಖಾಲಿಯಿರುವ ಒಂದು ಜೋಡಿಗೆ ಹೊಸ ಸಾಧನದ ತಂತಿ ಸಿಕ್ಕಿಸಿದರೆ ಸಾಕು.

ಮೊದಲು ತಂದದ್ದು ಕಡಿಮೆ ಬೆಲೆಯ ಬ್ಲೂಟೂತ್ ರಿಸೀವರ್. ಅವಸರದಲ್ಲಿ ರೆಕಾರ್ಡ್ ಪ್ಲೇಯರಿನ ತಂತಿ ಕಿತ್ತು, ಅದರ 'ಫೋನೋ' ತೂತಿಗೇ ಇದನ್ನು ಸಿಕ್ಕಿಸಿದೆ. ಕಿವಿ ಹರಿಯುವಂಥ ಕರ್ಕಶ ಶಬ್ದ ಬಂದಿತು. ತಪ್ಪು ನನ್ನದೇ. ಸೂಜಿಯಿಂದ ಬರುವ ಸಂಕೇತ ಒಂದು ವೋಲ್ಟಿನ ಸಾವಿರದ ಕೆಲವೇ ಭಾಗಗಳಷ್ಟು. ಫೋನೋ ಅದನ್ನು ಹತ್ತಾರು ಪಟ್ಟು ಹಿಗ್ಗಿಸುತ್ತದೆ. ಹೊಸ ಸಾಧನಗಳದ್ದು ಸಾಮಾನ್ಯವಾಗಿ 2 ವೋಲ್ಟಿನವರೆಗೂ ಇರುತ್ತದೆ. 'ಆಕ್ಸ್' ಎಂದು ಬರೆದ ತೂತಿಗೆ ಬದಲಾಯಿಸಿದೊಡನೆ ಸರಿಹೋಯಿತು.

ಆದರೂ ಬ್ಲೂಟೂತಿಗೆ ಒಂದು ಕೊರತೆಯಿತ್ತು. ಹಾಡು ಬರುವುದು ಫೋನಿನ ಮೂಲಕವಾದ್ದರಿಂದ ಕರೆ ಬಂದರೆ ವಚನ ನಡುವೆಯೇ ನಿಲ್ಲುತ್ತಿತ್ತು. ಫೋನು ಹಿಡಿದು ಹಿತ್ತಲಿಗೆ ಹೋದರೆ ತುಂಡಾಗುತ್ತಿತ್ತು. ಆಮೇಲೆ ವೈಫೈ ಸ್ಟ್ರೀಮರ್ ತಂದೆವು. ಇದರಲ್ಲಿ ಫೋನು ಅಪ್ಪಣೆ ಕೊಡುತ್ತದೆ, ಹಾಡನ್ನು ಸ್ಟ್ರೀಮರೇ ನೇರವಾಗಿ ತರಿಸಿಕೊಳ್ಳುತ್ತದೆ. ಸೆಕೆಂಡಿಗೆ 320 ಕಿಲೋಬಿಟ್ ಗುಣಮಟ್ಟದಲ್ಲಿ ಕೇಳಿದರೂ ಒಂದು ಗಂಟೆಗೆ ಖರ್ಚಾಗುವುದು ಸುಮಾರು 144 ಮೆಗಾಬೈಟ್ ಮಾತ್ರ. ಎರಡು ವಚನಗಳ ನಡುವೆ ಜಾಹೀರಾತು ಬರುವುದನ್ನು ಸಹಿಸಲಾರದೆ ತಿಂಗಳ ಚಂದಾ ಕಟ್ಟಿದೆವು.

ಮರುದಿನ ಬೆಳಿಗ್ಗೆ ಹಳೆಯ ಸ್ಪೀಕರುಗಳಲ್ಲಿ ಮನಸೂರರ ಕಂಠ ಕೇಳಿಬಂದಾಗ ಅವ್ವ ವಿಭೂತಿಗಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪಡಸಾಲೆಗೆ ಬಂದು ಕುಳಿತಳು. ತುಟಿಗಳು ತಾವೇ ಆಡತೊಡಗಿದವು. "ಈಗ ಮಾತು ತಿಳೀತು ನೋಡು" ಎಂದಳು. ಹಾಡು ಮುಗಿದ ಮೇಲೆ, "ಇನ್ನ ನಿಮ್ಮಪ್ಪಂದು ಹಚ್ಚು" ಎಂದಳು.

ಅವಳು ಕೇಳಿದ್ದು 1994ರ ಶ್ರಾವಣ ಮಾಸದಲ್ಲಿ ಮನೆಯ ಭಜನೆಯ ಹೊತ್ತಿಗೆ ನಾನು ಮುದ್ರಿಸಿಕೊಂಡಿದ್ದ ಕ್ಯಾಸೆಟ್ಟನ್ನು. ತಂದೆಯವರು ಹಾಡಿದ್ದ ನಾಲ್ಕು ವಚನಗಳು ಅದರಲ್ಲಿದ್ದವು. ಮೊಮ್ಮಗ ಫೋನು ನೋಡಿದ, ನನ್ನ ಮುಖ ನೋಡಿದ. "ಅಜ್ಜನ ದನಿ ಇದರಾಗ ಇಲ್ಲಬೇ ಅಮ್ಮಾ" ಎಂದು ಮೆಲ್ಲಗೆ ಹೇಳಿ, ತಾನೇ ಎದ್ದು ಗುಜರಿಯ ಚೀಲವನ್ನು ಬಿಚ್ಚಿ ಹುಡುಕಿದ. ತಳದಲ್ಲಿ, ತಂದೆಯವರ ಕೈಬರಹದ ಚೀಟಿಯ ಸಮೇತ, ಅದು ಸಿಕ್ಕಿತು.

ಡೆಕ್ಕಿನೊಳಗಿನ ರಬ್ಬರ್ ಪಟ್ಟಿ ಸಡಿಲಾಗಿತ್ತು. ರಿಪೇರಿಯವರಿಂದ ಅದನ್ನು ಬದಲಾಯಿಸಿ, ತಲೆ ಒರೆಸಿ ಹಚ್ಚಿದೆವು. ಕ್ಯಾಸೆಟ್ ತಿರುಗುತ್ತಿರುವಂತೆಯೇ ಡೆಕ್ಕಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಮುದ್ರಿಸಿಕೊಂಡು ಎರಡು ಪ್ರತಿ ಮಾಡಿದೆವು. ಒಂದನ್ನು ಪೆನ್‌ಡ್ರೈವಿನಲ್ಲಿಟ್ಟು ಸ್ಟ್ರೀಮರಿಗೆ ಸಿಕ್ಕಿಸಿದ್ದೇವೆ, ಇನ್ನೊಂದು ಧಾರವಾಡದಲ್ಲಿರುವ ತಂಗಿಯ ಮನೆಯಲ್ಲಿದೆ. ಈಗ ಬೆಳಗಾದರೆ ಮನಸೂರರಾದ ಮೇಲೆ ನಮ್ಮ ತಂದೆಯವರು ಹಾಡುತ್ತಾರೆ. ನಡುವೆ ಯಾರೋ ಕೆಮ್ಮಿದ್ದು, ಅವ್ವನ ಬಳೆಯ ಸದ್ದು ಎಲ್ಲವೂ ಹಾಗೆಯೇ ಇವೆ.

ಚಂದಾ ಕಟ್ಟಿ ಕೇಳುವ ಹಾಡು ಚಂದಾ ನಿಂತರೆ ನಿಲ್ಲುತ್ತದೆ. ಆದರೂ ಮಹಾನ್ ಗಾಯಕರನ್ನು ಉಳಿಸಲು ಲೋಕವಿದೆ. ಮನೆಯ ಹಿರಿಯರ ದನಿಯನ್ನು ಉಳಿಸಬೇಕಾದವರು ಮನೆಯವರೇ. ಓದುಗ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನು ಗುಜರಿಗೆ ಕೊಡುವ ಮುನ್ನ ಒಂದೊಂದಾಗಿ ಚೀಟಿ ಓದಿರಿ, ಸಾಧ್ಯವಾದರೆ ಒಮ್ಮೆ ಹಚ್ಚಿ ಕೇಳಿರಿ.