ಅರ್ಧ ಸುತ್ತಿನ ರುಚಿ

ಓಡಿಸುವವನಿಗೆ ಚಪ್ಪಾಳೆ. ನನಗೆ ಮಾತ್ರ ಗಾಡಿಯ ಪಕ್ಕ ಅಂಗಾತ ಮಲಗಿ ಸ್ಟೀರಿಂಗನ್ನು ಮುಂಗಾಲಿಗೆ ಜೋಡಿಸುವ ಟೈರಾಡ್ ತಿರುವುವುದರಲ್ಲೇ ಸುಖ. ಬೈಲಹೊಂಗಲದಲ್ಲಿ ಹತ್ತಿ ಸುಗ್ಗಿ ಮುಗಿದ ಮೇಲೆ ಯಾರದಾದರೂ ಕಾಂಕ್ರೀಟ್ ಅಂಗಳ ಖಾಲಿ ಸಿಕ್ಕರೆ ನಮ್ಮ ಗೋ-ಕಾರ್ಟಿಗೆ ಅದೇ ರೇಸಿನ ಮೈದಾನ. ಸುಣ್ಣದ ಪುಡಿಯಲ್ಲಿ ಇಂಗ್ಲಿಷ್ ಎಂಟನ್ನು ಬರೆಯುತ್ತೇವೆ. ಎಂಜಿನಿಯರಿಂಗ್ ಹುಡುಗರ ಫಾರ್ಮುಲಾ ಸ್ಪರ್ಧೆಯಲ್ಲಿ ಅದರ ಒಳವೃತ್ತಕ್ಕೆ 15.25 ಮೀಟರ್ ವ್ಯಾಸ. ನಮ್ಮದಕ್ಕೂ ಅದೇ ಅಳತೆ.

ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗೆ ತಿರುವು ಸಲೀಸು. ಗಾಲಿಗಳೆರಡೂ ತಮ್ಮ ಪಾಡಿಗೆ ತಿರುಗುತ್ತವೆ. ಹೊರಗಿನದು ಹೆಚ್ಚು ಉರುಳುತ್ತದೆ, ಒಳಗಿನದು ಕಡಿಮೆ. ಕಾರ್ಟಿನ ಹಿಂಗಾಲಿಗಳು ಒಂದೇ ಅಚ್ಚಿಗೆ ಬಿಗಿದಿರುತ್ತವೆ, ಡಿಫರೆನ್ಷಿಯಲ್ ಇಲ್ಲ. ಒಳಗಿನ ಹಿಂಗಾಲಿ ನೆಲದಿಂದ ಹಗುರಾಗಿ ಎದ್ದರೇನೇ ಗಾಡಿ ಚೆನ್ನಾಗಿ ತಿರುಗುವುದು. ಎಬ್ಬಿಸುವ ಕೆಲಸ ಕ್ಯಾಸ್ಟರಿನದು, ಅಂದರೆ ಮುಂಗಾಲಿ ಹೊರಳುವ ಕೀಲಾದ ಕಿಂಗ್‌ಪಿನ್ನಿನ ವಾಲಿಕೆಯದು. ಕಿಂಗ್‌ಪಿನ್ ಹಿಂದಕ್ಕೆ ವಾಲಿರುವುದರಿಂದ, ಸ್ಟೀರಿಂಗ್ ತಿರುವಿದಾಗ ಒಳಗಿನ ಮುಂಗಾಲಿ ನೆಲವನ್ನು ಒತ್ತಿ ಆ ಮೂಲೆಯನ್ನು ಎತ್ತುತ್ತದೆ; ಭಾರ ಹೊರಗಿನ ಹಿಂಗಾಲಿಗೆ ದಾಟುತ್ತದೆ. ಕ್ಯಾಸ್ಟರ್ ಹೆಚ್ಚಿಸಿದರೆ ತಿರುವು ಚುರುಕು, ಆದರೆ ರಟ್ಟೆ ಸೋಲುತ್ತದೆ.

ಮುಂಗಾಲಿಗಳಿಗೂ ಒಂದು ಲೆಕ್ಕವಿದೆ: ಒಳಗಿನ ಗಾಲಿ ಹೊರಗಿನದಕ್ಕಿಂತ ಹೆಚ್ಚು ಹೊರಳಬೇಕು. 1817ರಲ್ಲಿ ಮ್ಯೂನಿಕ್‌ನ ಸಾರೋಟು ತಯಾರಕ ಲಾಂಕೆನ್ಸ್‌ಪೆರ್ಗರ್ ಈ ಉಪಾಯ ಹೂಡಿದ. ಮರುವರ್ಷ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದ ಅಕರ್‌ಮನ್ನನ ಹೆಸರು ಉಳಿಯಿತು.

ಟೋ, ಅಂದರೆ ಮುಂಗಾಲಿಗಳ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎಂದು, ನೋಡಲು ನನಗೆ ರಾಮದುರ್ಗದ ಮಗ್ಗದ ನೂಲೇ ಆಗಬೇಕು. ಎರಡೆಳೆ ಹುರಿ ಮಾಡಿ ಗಾಡಿಯ ಎರಡೂ ಬದಿಗೆ ಸಮಾನಾಂತರವಾಗಿ ಎಳೆದು ಕಟ್ಟುತ್ತೇನೆ. ನೂಲಿನಿಂದ ರಿಮ್ಮಿನ ಮುಂದಂಚಿಗೆಷ್ಟು, ಹಿಂದಂಚಿಗೆಷ್ಟು ಎಂದು ಸ್ಟೀಲ್ ಪಟ್ಟಿ ಹಿಡಿದು ನೋಡುವುದು. ಚೆಕ್‌ನಟ್ ಸಡಿಲಿಸಿ ಟೈರಾಡನ್ನು ಅರ್ಧ ಸುತ್ತು ತಿರುವಿದರೆ, ಒಂದು ತುದಿಗೆ ಬಲ ಮರೆ, ಇನ್ನೊಂದಕ್ಕೆ ಎಡ ಮರೆ ಇರುವುದರಿಂದ ಎರಡೂ ಕಡೆ ಒಟ್ಟಿಗೆ ಉದ್ದವಾಗುತ್ತದೆ. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಆದರೆ ಕಿತ್ತೂರಿನ ಗೆಳೆಯ ಸುತ್ತು ಹಾಕಿ ಬಂದು, "ಆಗಿಂದು ಮೂತಿ ಹೊರಗ ಜಗ್ಗತಿತ್ತಲೇ, ಈಗ ಹೇಳಿದ್ದ ಕೇಳತೈತಿ" ಅನ್ನುತ್ತಾನೆ. ಅವನ ಕೈಗೆ ಸಿಕ್ಕಿದ್ದು ನನ್ನ ಅರ್ಧ ಸುತ್ತು!

ನಮ್ಮದೊಂದೇ ಕಟ್ಟಳೆ: ಒಮ್ಮೆಗೆ ಒಂದೇ ಬದಲಾವಣೆ. ಟೋ ಜೊತೆ ಟೈರಿನ ಗಾಳಿಯನ್ನೂ ಮುಟ್ಟಿದರೆ ಗುಣ ಯಾವುದರದು, ದೋಷ ಯಾವುದರದು ಎಂದು ಬ್ರಹ್ಮನಿಗೂ ತಿಳಿಯದು. ಇಷ್ಟಾಗಿ ಬೆಳಿಗ್ಗೆ ಪಳಗಿದ ಗಾಡಿ ಮಧ್ಯಾಹ್ನಕ್ಕೆ ಬೇರೆಯದೇ. ಕಾಂಕ್ರೀಟ್ ಕಾದು, ಅದರ ಮೇಲೆ ರಬ್ಬರ್ ಕೂತು ಹಿಡಿತ ಹೆಚ್ಚುತ್ತದೆ, ಹೊಂದಿಸಿದ್ದೆಲ್ಲ ಹಳತಾಗುತ್ತದೆ. ಓಡಿಸುವವನು ಗೊಣಗುತ್ತಾನೆ. ನಾನು ಖುಷಿಯಿಂದ ಮತ್ತೆ ಪಾನಾ ಎತ್ತಿಕೊಳ್ಳುತ್ತೇನೆ. ಸರಿಹೋದ ಗಾಡಿಯಲ್ಲಿ ನನಗೇನು ಕೆಲಸ?