ಸಂಡೂರಿನಲ್ಲಿ ಇಪ್ಪತ್ತೊಂದು ದಿನ

ಸಮುದ್ರವನ್ನು ನೋಡಬೇಕೆಂದು ಮನೆಯಿಂದ ಹೊರಟವರು ನಾವು. ಇಪ್ಪತ್ತೊಂದು ದಿನ ನಿಂತದ್ದು ಮಾತ್ರ ಕಡಲಿನಿಂದ ಬಹುದೂರದ ಸಂಡೂರಿನಲ್ಲಿ. ಇದು ಹೇಗಾಯಿತೆಂದು ಹೇಳುವುದಕ್ಕೆ ಮೊದಲು ವಾಚಕರಲ್ಲಿ ನಮ್ಮ ಸಂಗತಿಯನ್ನು ಸ್ವಲ್ಪ ಅರಿಕೆ ಮಾಡಿಕೊಳ್ಳಬೇಕು. ನಾವು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿದವರು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ವಿಮಾನದಿಂದ ಸೀತೆಗೆ ಸಮುದ್ರವನ್ನು ತೋರಿಸುವ ಭಾಗವನ್ನು ಎಷ್ಟು ಸಲ ಪಾಠ ಹೇಳಿದೆವೋ ಲೆಕ್ಕವಿಲ್ಲ. ಸಮುದ್ರವನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ. ನಿವೃತ್ತರಾದ ಮೇಲೆ ಒಂದು ದಿನ ಈ ನಾಚಿಕೆಯನ್ನು ತಮ್ಮನ ಮುಂದೆ ಹೇಳಿಕೊಂಡೆವು. ಅವನು, "ಅಣ್ಣಾ, ನನ್ನ ಗಾಡಿ ಐತಿ, ಹಿಂದೆ ಕುಂದ್ರು. ಗೋಕರ್ಣದಾಗ ಒಂದು ತಿಂಗಳು ಇದ್ದು ಬರೋಣು" ಎಂದನು.

ಅರವತ್ತರ ವಯಸ್ಸಿನಲ್ಲಿ ಮೋಟಾರು ಸೈಕಲ್ಲಿನ ಹಿಂದೆ ಕುಳಿತು ಘಟ್ಟವಿಳಿಯುವುದು ನಮ್ಮ ಮನೆಯಾಕೆಗೆ ಸಮ್ಮತವಾಗಲಿಲ್ಲ. ಆದರೂ ಸೊಂಟಕ್ಕೊಂದು ಉಣ್ಣೆಯ ಪಟ್ಟಿಯನ್ನೂ ಎರಡು ಡಬ್ಬಿ ಚಟ್ನಿಪುಡಿಯನ್ನೂ ಕೊಟ್ಟು ಕಳುಹಿಸಿದಳು.

ಕಂಪ್ಲಿಯಿಂದ ಹೊಸಪೇಟೆಗೆ ಬಂದು, ಅಲ್ಲಿಂದ ಕೊಪ್ಪಳ, ಗದಗು, ಹುಬ್ಬಳ್ಳಿಗಳ ಮಾರ್ಗವಾಗಿ ನಾವು ಪಡುವಣಕ್ಕೆ ಸಾಗಬೇಕಾಗಿದ್ದಿತು. ಮೊದಲು ಕುಮಾರಸ್ವಾಮಿಯ ದರ್ಶನವಾಗಲೆಂದು ನಾವೇ ಹಟ ಹಿಡಿದು ಗಾಡಿಯನ್ನು ದಕ್ಷಿಣಕ್ಕೆ ತಿರುಗಿಸಿದೆವು. ತಮ್ಮನು ಮಾತನಾಡಲಿಲ್ಲ. ಮನೆಯಲ್ಲಿ ಯಾರಾದರೂ ಸಂಡೂರಿನ ಹೆಸರೆತ್ತಿದರೆ ಎದ್ದು ಹೊರಗೆ ಹೋಗುವುದು ಹದಿಮೂರು ವರ್ಷಗಳಿಂದ ಅವನ ಅಭ್ಯಾಸ. ಕಾರಣವು ನಮಗೆ ತಿಳಿಯದುದಲ್ಲ. ತಿಳಿದೂ ತಿರುಗಿಸಿದ್ದು ನಮ್ಮ ತಪ್ಪೇ ಸರಿ.

ಊರು ಇನ್ನೆರಡು ಮೈಲಿ ಇರುವಾಗ ಏರಿನಲ್ಲಿ ಎಂಜಿನ್ನು ಹಿಡಿದುಕೊಂಡು ಗಾಡಿಯು ನಿಂತುಬಿಟ್ಟಿತು. ಮಳೆಯಲ್ಲಿ ನೂಕಿಕೊಂಡೇ ಊರನ್ನು ಸೇರಿದೆವು. ಬೇಕಾದ ಭಾಗವು ಹೊಸಪೇಟೆಯಿಂದ ಬರಬೇಕೆಂದೂ ಮೂರು ದಿನವಾದರೂ ಆಗುವುದೆಂದೂ ಮೆಕ್ಯಾನಿಕನು ಹೇಳಿದ್ದರಿಂದ, ಬಜಾರಿನ ಹಿಂದೆ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದೆವು.

ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕು ಎಂಬ ಮಾತು ಮಹಾತ್ಮಾ ಗಾಂಧಿಯವರದೆಂದು ಅಲ್ಲಿಯವರು ಹೇಳಿಕೊಳ್ಳುವರು. ಗಾಂಧಿಯವರು ೧೯೩೪ರಲ್ಲಿ ಇಲ್ಲಿಗೆ ಬಂದಿದ್ದರು. ಅದಕ್ಕೆ ಎರಡು ವರ್ಷ ಮೊದಲೇ, ೧೯೩೨ರಲ್ಲಿ, ಇಲ್ಲಿಯ ಘೋರ್ಪಡೆ ಮನೆತನದ ರಾಜರು ಕುಮಾರಸ್ವಾಮಿಯ ಗುಡಿಯನ್ನು ಹರಿಜನರಿಗೆ ತೆರೆದಿದ್ದರು. ಇಷ್ಟು ಚಿಕ್ಕ ಸಂಸ್ಥಾನವು ಅಷ್ಟು ದೊಡ್ಡ ಕೆಲಸವನ್ನು ಮಾಡಿತೆಂಬುದು ನೆನೆಯತಕ್ಕದ್ದು. ೧೯೪೯ರಲ್ಲಿ ಸಂಸ್ಥಾನವು ಭಾರತದಲ್ಲಿ ಲೀನವಾಯಿತು. ನಾವು ಹೋದುದೂ ಸೆಪ್ಟೆಂಬರಿನಲ್ಲಿಯೇ. ಸುತ್ತಲೂ ಬೆಟ್ಟದ ಸಾಲು, ನಡುವೆ ಮೆಕ್ಕೆಜೋಳದ ಹಸುರು. ನಾರಿಹಳ್ಳವೆಂಬ ಹೊಳೆಯು ಈ ಕಣಿವೆಯಲ್ಲಿ ಹರಿದು, ಬೆಟ್ಟವನ್ನು ಸೀಳಿದಂತಿರುವ ಭೀಮಗಂಡಿಯ ಮೂಲಕ ಹೊರಬಿದ್ದು ದರೋಜಿಯ ಕೆರೆಯ ಕಡೆಗೆ ಸಾಗುವುದು. ಬಳ್ಳಾರಿಯ ಬಿಸಿಲುನೆಲಕ್ಕೆ ಇಷ್ಟು ಹತ್ತಿರದಲ್ಲಿ ಇಂತಹ ತಂಪು ಉಂಟೆಂದರೆ ನೋಡದವರು ನಂಬರು.

ಮೂರನೆಯ ದಿನಕ್ಕೆ ಭಾಗವು ಬಂದಿತು; ನಾಲ್ಕನೆಯ ದಿನ ಗಾಡಿಯು ಸಿದ್ಧವಾಯಿತು. "ಇನ್ನು ಹೊರಡೋಣವೆ?" ಎಂದೆವು. ತಮ್ಮನು "ನಾಳೆ ನೋಡೋಣು" ಎಂದನು. ಮರುದಿನವೂ ಅದೇ ಮಾತು. ಹೀಗೆಯೇ ವಾರ ಕಳೆಯಿತು. ಬೆಳಗ್ಗೆ ಎದ್ದು ಎಲ್ಲಿಗೋ ಹೋದವನು ಸಂಜೆಗೆ ಬರುವನು. ಬೂಟುಗಳಲ್ಲಿ ಕೆಂಪು ಮಣ್ಣು. ನಾವು ಕೇಳಲಿಲ್ಲ. ಪಕ್ಕದ ಜಗುಲಿಯಲ್ಲಿ ಲಂಬಾಣಿ ಹೆಂಗಸರು ಬಟ್ಟೆಯ ಮೇಲೆ ಕನ್ನಡಿಯ ಚೂರು, ಕವಡೆಗಳನ್ನಿಟ್ಟು ಕಸೂತಿ ಹಾಕುವುದನ್ನು ನೋಡುತ್ತ ನಮ್ಮ ಹೊತ್ತು ಹೋಗುತ್ತಿದ್ದಿತು. ಸಂಡೂರಿನ ಈ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಮನೆಯಾಕೆಗೆಂದು ಒಂದು ಚೀಲವನ್ನು ಕೊಂಡೆವು. ಬೆಲೆಯನ್ನು ಕೇಳಿ ಮೊದಲು ಹಿಂಜರಿದೆವು. ಎರಡು ದಿನ ಆ ಕೈಗಳನ್ನು ನೋಡಿದ ಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಒಂಬತ್ತನೆಯ ದಿನ ತಮ್ಮನೇ ನಮ್ಮನ್ನು ಬೆಟ್ಟಕ್ಕೆ ಕರೆದುಕೊಂಡು ಹೋದನು. ಗುಡಿಯು ಊರಿಗೆ ಹತ್ತು ಹನ್ನೊಂದು ಕಿಲೋಮೀಟರಿನಲ್ಲಿರುವುದು. ಕುಮಾರಸ್ವಾಮಿಯ ಪಕ್ಕದಲ್ಲಿ ತಾಯಿ ಪಾರ್ವತಿಯ ಗುಡಿ. ಇದು ಬಾದಾಮಿ ಚಾಲುಕ್ಯರ ಕಾಲದ್ದೆಂದು ವಿದ್ವಾಂಸರ ಮತ. ಅಮರಕೋಶದಲ್ಲಿ ಸ್ಕಂದನಿಗೆ ಕ್ರೌಂಚದಾರಣನೆಂದು ಒಂದು ಹೆಸರು ಉಂಟು, ಕ್ರೌಂಚ ಪರ್ವತವನ್ನು ಸೀಳಿದವನೆಂದು ಅರ್ಥ. ಕಾಳಿದಾಸನು ಮೇಘದೂತದಲ್ಲಿ ಆ ಸೀಳನ್ನು ಹಿಮಾಲಯದಲ್ಲಿಟ್ಟು, ಕೀರ್ತಿಯನ್ನು ಪರಶುರಾಮನಿಗೆ ಕೊಟ್ಟಿದ್ದಾನೆ. ಸಂಡೂರಿನವರು ಇದನ್ನು ಒಪ್ಪರು. ಕ್ರೌಂಚಗಿರಿ ತಮ್ಮದೇ ಎನ್ನುವರು, ಲೋಹಾಚಲವೆಂದೂ ಕರೆಯುವರು. ಎರಡನೆಯ ಹೆಸರಿನ ವಿಷಯದಲ್ಲಿ ಯಾರೂ ವಾದಿಸಲಾರರು.

ದರ್ಶನವಾದ ಮೇಲೆ ದಾರಿಯ ತಿರುವಿನಲ್ಲಿ ತಮ್ಮನು ಗಾಡಿಯನ್ನು ನಿಲ್ಲಿಸಿದನು. ಎದುರಿನ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಮಳೆಗೆ ತೊಯ್ದು ಅದು ಹಸಿಗಾಯದಂತೆ ಕೆಂಪಗಿದ್ದಿತು.

"ಆ ಮೂರನೇ ಮೆಟ್ಟಿಲು ಕಾಣತೈತಲ್ಲ, ಅಲ್ಲೇ ಅಣ್ಣಾ ಲೋಡು ಮಾಡಿಸ್ತಿದ್ದೆ."

ಹದಿಮೂರು ವರ್ಷಗಳಲ್ಲಿ ಅವನು ಈ ವಿಷಯವಾಗಿ ಆಡಿದ ಮೊದಲ ಮಾತದು. ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆಯೇರಿ, ನಮ್ಮ ಸೀಮೆಯಲ್ಲಿ ಸಾಲ ಮಾಡಿ ಲಾರಿ ಕೊಳ್ಳದವನೇ ಹೆಡ್ಡನೆಂಬ ಕಾಲವೊಂದಿದ್ದಿತು. ೨೦೦೯ರಲ್ಲಿ ತಮ್ಮನೂ ಕೊಂಡನು. ಮುಂಗಡಕ್ಕೆ ಸಾಲದಾದಾಗ ನಮ್ಮ ಮನೆಯಾಕೆ ತನ್ನ ನಾಲ್ಕು ಬಳೆಗಳನ್ನು ಒತ್ತೆಯಿಡಲು ಕೊಟ್ಟಳು. ೨೦೧೧ರ ಜುಲೈ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಆ ಆಜ್ಞೆಯು ನ್ಯಾಯವಾದುದೆಂದು ನಾವು ಆಗಲೂ ಬಲ್ಲೆವು. ಆದರೆ ಕಂತು ಕಟ್ಟಲಾರದೆ ಕುಳಿತವನ ಎದುರಿಗೆ ಅದನ್ನು ಆಡುವುದು ಹೇಗೆ? ಲಾರಿಯು ಇಲ್ಲಿಯ ಒಂದು ಹೊಲದಲ್ಲಿ ಹತ್ತು ತಿಂಗಳು ನಿಂತಿದ್ದಿತು. ಕೊನೆಗೆ ಸಾಲ ಕೊಟ್ಟವರು ಬಂದು ಎಳೆದೊಯ್ದರು. ಬಳೆಗಳೂ ಮರಳಿ ಬರಲಿಲ್ಲ. ೨೦೧೩ರಿಂದ ಮಿತಿಯನ್ನು ಗೊತ್ತುಮಾಡಿ ಗಣಿಗಳನ್ನು ಮತ್ತೆ ತೆರೆದರು. ತಮ್ಮನು ಇತ್ತ ತಿರುಗಿಯೂ ನೋಡಲಿಲ್ಲ. ಈಗ ದಿನವೂ ಅವನು ಹೋಗುತ್ತಿದ್ದುದು ಆ ಹೊಲಕ್ಕೂ ಹಳೆಯ ಡ್ರೈವರುಗಳ ಮನೆಗಳಿಗೂ ಎಂದು ಅಂದು ತಿಳಿಯಿತು.

"ಬೆಟ್ಟ ಸೀಳಿದಾತಗ ಏನೋ ಹೆಸರು ಅಂತಿದ್ದೆಲ್ಲ?"

"ಕ್ರೌಂಚದಾರಣ."

"ಹಂಗಾರ ಅದರಾಗ ನಂದೂ ಒಂದು ಪಾಲು ಐತಿ" ಎಂದು ನಕ್ಕನು. ನಮಗೆ ನಗಲಾಗಲಿಲ್ಲ.

ಆ ರಾತ್ರಿ ಇನ್ನೊಂದು ಸಂಗತಿಯನ್ನು ಹೇಳಿದನು. ೨೦೧೦ರ ಜುಲೈಯಲ್ಲಿ ಸರಕಾರವು ಬಂದರುಗಳಿಂದ ಅದಿರಿನ ರಫ್ತನ್ನು ನಿಲ್ಲಿಸುವವರೆಗೆ ಅವನು ಅಂಕೋಲೆಯ ಬಳಿಯ ಬೇಲೆಕೇರಿಗೆ ಅದಿರನ್ನು ಸಾಗಿಸಿದ್ದನು. ಜಪ್ತಿಯಾದ ಲಕ್ಷಗಟ್ಟಲೆ ಟನ್ ಅದಿರು ಕಾಣೆಯಾಯಿತೆಂದು ಆ ವರ್ಷ ಪತ್ರಿಕೆಗಳಲ್ಲಿ ಗದ್ದಲವೆದ್ದ ಬಂದರು ಅದೇ. ಸರತಿಯಲ್ಲಿ ಎರಡೆರಡು ದಿನ ಲಾರಿಯಲ್ಲಿಯೇ ಮಲಗಿ ಕಡಲನ್ನು ಕಾಣುತ್ತಿದ್ದನಂತೆ. ಒಮ್ಮೆಯೂ ಇಳಿದು ನೀರನ್ನು ಮುಟ್ಟಿರಲಿಲ್ಲ. ನಮಗೆ ತೋರಿಸುವೆನೆಂದು ಹೊರಟ ಸಮುದ್ರವು ಅದೇ, ದಾರಿಯೂ ಅದೇ.

ಇಪ್ಪತ್ತೆರಡನೆಯ ದಿನ ಬೆಳಗ್ಗೆ ನಮಗಿಂತ ಮೊದಲು ಅವನೇ ಗಂಟುಮೂಟೆಯನ್ನು ಕಟ್ಟಿದ್ದನು. ಗೋಕರ್ಣದಲ್ಲಿ ಎರಡೇ ದಿನವಿದ್ದೆವು. ಕಾಳಿದಾಸನು ಎಲ್ಲವನ್ನೂ ಹೇಳಿದ್ದಾನೆ, ಆ ಸದ್ದೊಂದನ್ನುಳಿದು ಎಂದು ನಮಗೆ ತೋರಿತು. ತಮ್ಮನು ಮೊಣಕಾಲಿನವರೆಗೆ ಇಳಿದು ಬಹಳ ಹೊತ್ತು ನಿಂತಿದ್ದನು.

ಊರಿಗೆ ಬಂದ ರಾತ್ರಿ ಮನೆಯಾಕೆಯು ಕನ್ನಡಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಸಮುದ್ರವು ಹೇಗಿದ್ದಿತೆಂದು ಕೇಳಿದಳು. ನಾವು ಮರೆತು ಸಂಡೂರಿನ ಮಾತನ್ನೇ ಎತ್ತಿಬಿಟ್ಟೆವು. ತಮ್ಮನು ಎದ್ದು ಹೊರಗೆ ಹೋಗಲಿಲ್ಲ. "ಅತ್ತಿಗಿ, ಇನ್ನಷ್ಟು ಸಾರು ಹಾಕ್ರಿ" ಎಂದು ತಟ್ಟೆಯನ್ನು ಮುಂದಕ್ಕೆ ಸರಿಸಿದನು.