ಬುಗುರಿಯ ಚಾಟಿ

ಮುಂದೊಂದು ಕಾಲ ಬರುತ್ತದಂತೆ. ಆಗ ಮಕ್ಕಳಿಗೆ ಬಾಲ್ಯ ಅನ್ನೋದೇ ಇರೋದಿಲ್ಲವಂತೆ. ಹುಟ್ಟುವ ಮೊದಲೇ ಅವರ ಕೆಲಸ ಗೊತ್ತಾಗಿರುತ್ತದಂತೆ, ಅವರ ಮೈ ಇನ್ನೊಬ್ಬರಿಗೆ ಮೀಸಲಾಗಿರುತ್ತದಂತೆ. ಇಂಥ ಕತೆಗಳನ್ನು ಈಗ ಬಹಳ ಜನ ಬರೆಯುತ್ತಾರೆ, ಸಿನಿಮಾನೂ ಮಾಡುತ್ತಾರೆ. ಕಾಲೇಜು ಓದುವ ನನ್ನ ತಮ್ಮನ ಮಗಳು ಅಂಥದೊಂದು ಕತೆ ಹೇಳಿದಳು. ಕಜುವೊ ಇಶಿಗುರೊ ಎಂಬಾತ 2005ರಲ್ಲಿ ತಂದ ಇಂಗ್ಲಿಷ್ ಕಾದಂಬರಿ. ಅದರಲ್ಲಿ ಒಂದು ವಸತಿ ಶಾಲೆಯ ಮಕ್ಕಳನ್ನು ಸಾಕುವುದೇ, ದೊಡ್ಡವರಾದ ಮೇಲೆ ಅವರ ಅಂಗಾಂಗ ತೆಗೆದು ಬೇರೆಯವರಿಗೆ ಹಾಕುವುದಕ್ಕೆ. "ಓದ್ತಾ ಓದ್ತಾ ಭಯ ಆಗೋಯ್ತು ದೊಡ್ಡಪ್ಪಾ" ಅಂದಳು.

ಆ ಹುಡುಗಿಯ ಭಯ ಕಂಡು ನನಗೆ ಸಂತೋಷವೇ ಆಯಿತು. ನಮ್ಮ ಮನೆಯಲ್ಲಿ ಬಾಲ್ಯ ಹೋದೀತೆಂಬ ಭಯ ಹುಟ್ಟಿದ್ದು ಅವಳಿಗೇ ಮೊದಲು. ಇರೋರಿಗೆ ತಾನೇ ಕಳಕೊಳ್ಳೋ ಭಯ? ನಮ್ಮಪ್ಪನಿಗೆ ಆ ಭಯ ಇರಲಿಲ್ಲ.

ಅಪ್ಪನನ್ನು ಜೀತಕ್ಕೆ ಬಿಟ್ಟಾಗ ಅವನಿಗೆ ಎಷ್ಟು ವಯಸ್ಸು ಅಂತ ಯಾರಿಗೂ ಗೊತ್ತಿಲ್ಲ. "ಗೌಡ್ರು ಕೆಂದೆತ್ತಿನ ಜೋಡಿ ತಂದ ವರ್ಸ" ಅನ್ನುತ್ತಿದ್ದ. ಎತ್ತಿಗೆ ಲೆಕ್ಕ ಇತ್ತು, ಹುಡುಗನಿಗೆ ಇರಲಿಲ್ಲ. ಮುತ್ತಾತ ಸತ್ತಾಗ ಮಣ್ಣು ಮಾಡಲು, ತಿಥಿ ಮಾಡಲು ತಾತ ಸಾಲ ತಂದಿದ್ದ. ಆ ಸಾಲಕ್ಕೆ ಅಪ್ಪ ಒತ್ತೆ. ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಎಕ್ಕಡ, ಇಷ್ಟು ರಾಗಿ. ರಾಗಿ ಬಡ್ಡಿಗೆ ವಜಾ ಆಗುತ್ತಿತ್ತು, ಅಸಲು ಹಾಗೇ ಉಳಿಯುತ್ತಿತ್ತು. ಕೋಳಿ ಕೂಗೋ ಹೊತ್ತಿಗೆ ಎದ್ದು ತಿಪ್ಪೆಗೆ ಸಗಣಿ ಹೊರಬೇಕು, ದನ ಹೊಡಕೊಂಡು ಹೋಗಬೇಕು, ಸಂಜೆ ಹುಲ್ಲು ತರಬೇಕು. ಹಿತ್ತಲ ಬಾಗಿಲಲ್ಲಿ ನಿಂತರೆ ಮೇಲಿನಿಂದ ತಂಗಳು ಮುದ್ದೆ ಹಾಕುತ್ತಿದ್ದರು. "ಬುದ್ಧೀ" ಅಂತ ಕೈ ಒಡ್ಡಬೇಕು. ರಾತ್ರಿ ಹುಲ್ಲಿನ ಬಣವೆ ಮಗ್ಗುಲಲ್ಲಿ ನಿದ್ದೆ.

ಒಂದು ಸಲ ಕೇಳಿದೆ: "ಚಿಕ್ಕೋನಾಗಿದ್ದಾಗ ಏನಾಟ ಆಡ್ತಿದ್ದೆ ಅಪ್ಪಾ?"

ಅಪ್ಪ ಬೀಡಿ ಹಚ್ಚಿ ಬಹಳ ಹೊತ್ತು ಯೋಚನೆ ಮಾಡಿದ. "ಗೌಡ್ರು ಮಕ್ಳು ಬುಗುರಿ ಆಡೋವು ಕನ್ಲಾ. ಅವುಕ್ಕೆ ಚಾಟಿ ನಾನೇ ಹೊಸ್ದು ಕೊಡ್ತಿದ್ದೆ."

"ನೀನು ಆಡ್ಲಿಲ್ವಾ?"

"ದನ ಯಾರ್ಲಾ ನೋಡೋರು?"

ಅವನ ದನಿಯಲ್ಲಿ ದುಃಖ ಇರಲಿಲ್ಲ. ಸಂತೆಯ ಬೆಲೆ ಹೇಳಿದ ಹಾಗೆ ಹೇಳಿದ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ರದ್ದತಿ ಕಾಯಿದೆ ಆಯಿತು. ಜೀತದ ಸಾಲವೆಲ್ಲ ರದ್ದು, ಯಾರೂ ತೀರಿಸಬೇಕಾಗಿಲ್ಲ ಅಂತ ಸರ್ಕಾರವೇ ಹೇಳಿತು. ಆಮೇಲೆ ಆ ಸುದ್ದಿಯನ್ನು ನಮ್ಮ ಕೇರಿಗೆ ತಂದವರು ಸಂಘಟನೆಯ ಹುಡುಗರು. ಅಪ್ಪ ಗೌಡರ ಮನೆ ಬಿಟ್ಟು ಕೂಲಿಗೆ ನಿಂತ. ನಾನು ಸರ್ಕಾರಿ ಹಾಸ್ಟೆಲ್ಲಿನ ಅನ್ನ ತಿಂದು ನಾಲ್ಕಕ್ಷರ ಕಲಿತೆ.

ಜೀತ ಹೋಯಿತೇ? ಹೆಸರು ಹೋಯಿತು. 1990ರ ದಶಕದಲ್ಲಿ ನಮ್ಮ ಚಿಕ್ಕವ್ವ ತನ್ನ ಗಂಡನ ಕಾಯಿಲೆಗೆಂದು ಮೂರು ಸಾವಿರ ರೂಪಾಯಿ ಮುಂಗಡ ತಗೊಂಡು ಒಂಬತ್ತು ವರ್ಷದ ಮಗಳನ್ನು ರೇಷ್ಮೆ ನೂಲು ತೆಗೆಯುವ ಕಡೆ ಬಿಟ್ಟಳು. ನಾನು ಹೋಗಿ ಕೇಳಿದರೆ ಮಾಲೀಕ ನಕ್ಕ. "ಜೀತ ಗೀತ ಅನ್ಬೇಡಿ ಸಾರ್, ಅಡ್ವಾನ್ಸ್ ಕೊಟ್ಟಿದೀವಿ." ಮುಂಗಡದ ಋಣಕ್ಕೆ ದುಡಿಸುವುದೂ ಜೀತವೇ ಅಂತ 1976ರ ಕಾಯಿದೆಯಲ್ಲೇ ಬರೆದಿದೆ. ಆದರೆ ಕಾಯಿದೆ ಪುಸ್ತಕ ಪೇಟೆಯಲ್ಲಿತ್ತು, ಮಗು ಬಿಸಿನೀರಿನ ಮುಂದಿತ್ತು.

ರೇಷ್ಮೆ ಉಟ್ಟವರು ತಿಳಿಯಬೇಕಾದ ಸಂಗತಿ ಒಂದಿದೆ. ಗೂಡಿನ ಅಂಟು ಬಿಡಬೇಕಾದರೆ ಅದನ್ನು ಕುದಿನೀರಿನಲ್ಲಿ ಬೇಯಿಸಬೇಕು. ಆ ನೀರಿಗೆ ಬೆರಳಿಟ್ಟು ಎಳೆಯ ತುದಿ ಹುಡುಕಬೇಕು. ಒಂದು ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ ಇರುತ್ತದೆ. ಚಮಚಕ್ಕೆ ತುದಿ ಸಿಗೋದಿಲ್ಲ, ಎಳೇ ಬೆರಳಿಗೇ ಸಿಗೋದು ಅನ್ನೋದು ಮಾಲೀಕರ ಮಾತು. ಒಳಗಿನ ಹುಳ ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ ನೂಲು ಕೆಡುತ್ತದೆ. ಅದಕ್ಕೇ ಮೊದಲೇ ಹಬೆಗಿಟ್ಟು ಸಾಯಿಸುತ್ತಾರೆ. ಇದನ್ನೆಲ್ಲ ನನಗೆ ಹೇಳಿದವಳು ಆ ತಂಗಿಯೇ.

ಈಗ ಅವಳಿಗೆ ಮೊಮ್ಮಗು ಬಂದಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ತಗೊಳ್ಳುವುದಿಲ್ಲ. ಬೆರಳಿನ ಗೆರೆ ಸವೆದು ಹೋಗಿವೆ. "ಇನ್ನೊಂದ್ ಸಲ ಒತ್ತಮ್ಮ" ಅನ್ನುತ್ತಾರೆ. "ಎಷ್ಟ್ ಸಲ ಒತ್ಲಣ್ಣಾ, ಇದ್ದದ್ನೆಲ್ಲ ಅವತ್ತೇ ನೀರ್ಗೆ ಹಾಕ್ಬುಟ್ಟೆ" ಅಂದಳು ನನ್ನ ಹತ್ತಿರ. ಇನ್ನೊಬ್ಬರಿಗಾಗಿ ಮಕ್ಕಳ ಅಂಗ ತೆಗೆಯುವ ಕತೆ ಓದಿ ಹೆದರುವವರು ಈ ಬೆರಳು ನೋಡಿ.

ಇದು ಹಳೇ ಮಾತು ಅಂತೀರಾ? 2011ರ ಜನಗಣತಿಯಲ್ಲೇ ಈ ದೇಶದಲ್ಲಿ 5ರಿಂದ 14 ವರ್ಷದ ಸುಮಾರು 1 ಕೋಟಿ ಮಕ್ಕಳು ದುಡಿಯುತ್ತಿದ್ದರು. 2025ರ ಹೊತ್ತಿಗೆ ಬಾಲಕಾರ್ಮಿಕ ಪದ್ಧತಿಯನ್ನೇ ಇಲ್ಲವಾಗಿಸುತ್ತೇವೆ ಅಂತ ವಿಶ್ವಸಂಸ್ಥೆಯಲ್ಲಿ 2015ರಲ್ಲಿ ದೇಶಗಳೆಲ್ಲ ಮಾತು ಕೊಟ್ಟವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕದ ಪ್ರಕಾರ 2024ರಲ್ಲೂ ಜಗತ್ತಿನಲ್ಲಿ ದುಡಿಯುವ ಮಕ್ಕಳು 13 ಕೋಟಿ 80 ಲಕ್ಷ.

ನಮ್ಮ ದೇಶ 2016ರಲ್ಲಿ ಕಾಯಿದೆ ತಿದ್ದಿತು. 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದು ಅಂದಿತು. ಚಪ್ಪಾಳೆ ಹೊಡೆಯುವಷ್ಟರಲ್ಲಿ ಇನ್ನೊಂದು ಸಾಲು ಬಂತು. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆತನದ ಕಸುಬಿಗೆ ಮಗು ನೆರವಾಗಬಹುದಂತೆ. ಸ್ವಾಮೀ, ಈ ದೇಶದಲ್ಲಿ ಮನೆತನದ ಕಸುಬು ಅಂದರೆ ಏನು? ವಕೀಲನ ಮಗ ರಜೆಯಲ್ಲಿ ಕೋರ್ಟಿಗೆ ಹೋಗಿ ವಾದ ಮಾಡುತ್ತಾನೆಯೇ? ಚಪ್ಪಲಿ ಹೊಲಿಯುವವನ ಮಗ ರಂಪಿ ಹಿಡಿಯುತ್ತಾನೆ, ಬೀಡಿ ಕಟ್ಟುವವಳ ಮಗಳು ಎಲೆ ಕತ್ತರಿಸುತ್ತಾಳೆ. ಕುಲಕಸುಬಿಗೆ ಕಾಯಿದೆ ಹಿತ್ತಲ ಬಾಗಿಲು ತೆಗೆದಿಟ್ಟಿತು.

ಶಾಲೆಗೆ ಸೇರಿಸಿಬಿಟ್ಟರೆ ಮುಗಿಯಿತೇ? ಬಾಬಾಸಾಹೇಬರು ಸತಾರಾದಲ್ಲಿ ಓದುವಾಗ ಕೂರುವುದಕ್ಕೆ ಗೋಣಿತಾಟನ್ನು ಮನೆಯಿಂದಲೇ ಹೊತ್ತು ಹೋಗಬೇಕಿತ್ತು. ಜವಾನ ಬಾರದ ದಿನ ಕುಡಿಯುವುದಕ್ಕೆ ನೀರಿಲ್ಲ. ನೂರಿಪ್ಪತ್ತು ವರ್ಷಕ್ಕೂ ಮೇಲಾಯಿತು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಪುಸ್ತಕ ಹಿಡಿಯಲು ಹೋದ ಕೈಗೆ ಅಲ್ಲೂ ಕುಲಕಸುಬನ್ನೇ ಕೊಟ್ಟರು.

ಆದ್ದರಿಂದ ಬಾಲ್ಯವಿಲ್ಲದ ಕಾಲವನ್ನು ಮುಂದೆಲ್ಲೋ ಹುಡುಕುವ ಗೆಳೆಯರಿಗೆ ನನ್ನದೊಂದು ಮಾತು. ಆ ಕಾಲ ಹೇಗಿರುತ್ತದೆ ಅಂತ ಊಹೆ ಮಾಡುವ ಕಷ್ಟ ಬೇಡ. ಕೇರಿಗೆ ಬಂದು ಮುದುಕರನ್ನು ಏನಾಟ ಆಡುತ್ತಿದ್ದಿರಿ ಅಂತ ಕೇಳಿ. ನಮಗೆ ಮಕ್ಕಳ ಮೇಲೆ ಕನಿಕರ ತೋರಿಸುವವರು ಬೇಕಿಲ್ಲ. ಅಪ್ಪ ಅವ್ವನ ಕೂಲಿ ಹೊಟ್ಟೆ ತುಂಬುವಷ್ಟಿದ್ದರೆ, ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಸಿಕ್ಕರೆ, ಯಾವ ತಾಯಿ ಮಗಳನ್ನು ಒತ್ತೆ ಇಡುತ್ತಾಳೆ?

ಬಿಡುಗಡೆಯಾದ ಜೀತದ ಮಗುವಿಗೆ 2016ರ ಯೋಜನೆಯಲ್ಲಿ 2 ಲಕ್ಷ ರೂಪಾಯಿ ಪರಿಹಾರ ಇಟ್ಟರು. ಆದರೆ ಮಾಲೀಕನ ಅಪರಾಧ ಸಾಬೀತಾಗದೆ ಪೂರ್ತಿ ಹಣ ಕೈಗೆ ಬರುವುದಿಲ್ಲ. ಮೊಕದ್ದಮೆ ಮುಗಿಯುವ ಹೊತ್ತಿಗೆ ಮಗುವಿಗೆ ಮೀಸೆ ಬಂದಿರುತ್ತದೆ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು ಅಂತ 1976ರಲ್ಲೇ ಬರೆದಿದ್ದಾರೆ. ಓದುವ ಹುಡುಗರೇ, ಹುಡುಗಿಯರೇ, ನಿಮ್ಮ ಉಪವಿಭಾಗಾಧಿಕಾರಿಯ ಕಚೇರಿಗೆ ನಾಲ್ಕು ಜನ ಕೂಡಿ ಹೋಗಿ. ಆ ಸಮಿತಿ ಕಡೇ ಸಲ ಯಾವತ್ತು ಸೇರಿತ್ತು, ಈ ವರ್ಷ ಎಷ್ಟು ಬಿಡುಗಡೆ ಪತ್ರ ಕೊಟ್ಟಿರಿ, ಅದರಲ್ಲಿ ಮಕ್ಕಳೆಷ್ಟು ಅಂತ ಕೇಳಿ. ಉತ್ತರ ಬರೆದು ಕೊಡುವವರೆಗೂ ಅಲ್ಲಿಂದ ಏಳಬೇಡಿ.